ತಮ್ಮನಿಗೆ ಯಾರದೋ ದನಿ ಕೇಳಿಸುತ್ತಿದೆ, ಮಜ್ಜಿಗೆಯಲ್ಲಿ ಮಾತ್ರೆ ಬೆರೆಸಿ ಕೊಡಬಹುದೇ?

ಪ್ರಶ್ನೆ: ನಮ್ಮದು ಅರಸೀಕೆರೆ ಕಡೆಯ ಹಳ್ಳಿ. ತಮ್ಮನಿಗೆ 20 ವರ್ಷ. ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದು ಇಂಜಿನಿಯರಿಂಗ್ ಓದುತ್ತಿದ್ದ. ನಾಲ್ಕೈದು ತಿಂಗಳ ಹಿಂದೆ ಫೋನ್ ಮಾಡುವುದು ಕಡಿಮೆಯಾಯಿತು. ಎರಡು ಸಬ್ಜೆಕ್ಟ್ ಉಳಿದವು. ಹಬ್ಬಕ್ಕೆ ಬಂದವನು ವಾಪಸ್ ಹೋಗಲಿಲ್ಲ. ರಾತ್ರಿ ನಿದ್ದೆ ಮಾಡುವುದಿಲ್ಲ. ತಾನು ಯೋಚಿಸಿದ್ದನ್ನೆಲ್ಲ ಪಿಜಿ ಹುಡುಗರು ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದಾರೆ ಅನ್ನುತ್ತಾನೆ. ಸಿಮ್ ತೆಗೆದು ಬಾವಿಗೆ ಎಸೆದ. ಯಾರೂ ಇಲ್ಲದಿದ್ದರೂ ಉತ್ತರ ಕೊಡುವವನ ಹಾಗೆ ಮಾತಾಡುತ್ತಾನೆ. ಅಮ್ಮ ಬಡಿಸಿದ್ದನ್ನು ಮೂಸಿ ನೋಡಿ ತಟ್ಟೆ ಸರಿಸುತ್ತಾನೆ. ಶಾಸ್ತ್ರ ಕೇಳಿಸಿದೆವು. ಮಾಟ ಅಂದರು. ತಾಯತ ಕಟ್ಟಿಸಿದೆವು. ಆಮೇಲೆ ಪಟ್ಟಣದ ಒಬ್ಬ ಡಾಕ್ಟರಿಗೆ ತೋರಿಸಿದೆವು. ಮಾತ್ರೆ ಶುರುವಾದ ಮೂರನೇ ದಿನ ಅವನ ಕತ್ತು ಒಂದು ಕಡೆ ತಿರುಚಿಕೊಂಡಿತು. ಅಂದಿನಿಂದ ಮಾತ್ರೆ ಮುಟ್ಟುತ್ತಿಲ್ಲ. ಈಗ ಅಮ್ಮ ಅದನ್ನೇ ಪುಡಿ ಮಾಡಿ ಮಜ್ಜಿಗೆಗೆ ಹಾಕುತ್ತಿದ್ದಾರೆ, ಅವನು ನೆಟ್ಟಗೆ ಕುಡಿಯುವುದು ಅದೊಂದೇ. ಅಪ್ಪ ಇದೆಲ್ಲ ಗಾಂಜಾ, ಸೋಮಾರಿತನ ಅಂತ ಬೈಯುತ್ತಾರೆ. ಮದುವೆ ಮಾಡಿದರೆ ಸರಿಹೋಗ್ತಾನೆ ಅಂತ ಅಜ್ಜಿ. ನನಗೂ ಗಂಡು ನೋಡುತ್ತಿದ್ದಾರೆ. ಇವನಿಗೆ ಹುಚ್ಚು ಹಿಡಿದಿದೆಯಾ? ಮತ್ತೆ ಕಾಲೇಜಿಗೆ ಹೋಗಬಲ್ಲನಾ? ಮಜ್ಜಿಗೆಯಲ್ಲಿ ಕೊಡುವುದು ತಪ್ಪಾ? (ಹೆಸರು ಬೇಡ)

ಉತ್ತರ: ಮೊದಲು ಮಜ್ಜಿಗೆಯ ವಿಷಯ. ನೀವು ಅದನ್ನು ಕೊನೆಯಲ್ಲಿ ಕೇಳಿದ್ದೀರಿ. ಆದರೆ ಅವಸರ ಇರುವುದು ಅದರಲ್ಲೇ.

ನಿಮ್ಮಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಮನೋವೈದ್ಯನಾದ ನನ್ನ ಹತ್ತಿರ ಬರುವ ತಾಯಂದಿರಲ್ಲಿ ಎಷ್ಟೋ ಜನ ಇದನ್ನು ಮಾಡಿದವರೇ. ಕೆಲವರು ಕಾಫಿಗೆ, ಕೆಲವರು ಚಪಾತಿ ಹಿಟ್ಟಿಗೆ. ಮಗ ಕಣ್ಣೆದುರೇ ಕರಗಿಹೋಗುತ್ತಿರುವಾಗ ತಾಯಿಗೆ ತೋಚುವುದೇ ಅದು. ಆದರೂ ನಿಲ್ಲಿಸಬೇಕು. ಏಕೆ ಅಂತ ಹೇಳುತ್ತೇನೆ.

ನಿಮ್ಮ ತಮ್ಮ ತಟ್ಟೆ ಮೂಸಿ ನೋಡುವುದು ಯಾವ ಹೆದರಿಕೆಯಿಂದ? ಯಾರೋ ಊಟಕ್ಕೆ ಏನೋ ಬೆರೆಸುತ್ತಿದ್ದಾರೆ ಅಂತ. ಮೊನ್ನೆಯವರೆಗೆ ಅದು ಭ್ರಮೆ. ಈಗ ಅದು ನಿಜ. ನಿಜವಾಗಿಯೂ ಬೆರೆಸುತ್ತಿದ್ದಾರೆ, ಅದೂ ಅಮ್ಮನೇ. ಒಂದಲ್ಲ ಒಂದು ದಿನ ಲೋಟದ ತಳದಲ್ಲಿ ಬಿಳಿ ಪುಡಿ ಕಾಣುತ್ತದೆ. ಆ ದಿನ ನಿಮ್ಮ ಮನೆಯಲ್ಲಿ ಅವನು ನಂಬಿ ಕುಡಿಯುತ್ತಿದ್ದ ಕೊನೆಯ ಲೋಟವೂ ಹೋಗುತ್ತದೆ. ಆಮೇಲೆ ಎರಡು ವರ್ಷ ಚಿಕಿತ್ಸೆಗೆ ಅವನನ್ನು ಒಪ್ಪಿಸಬೇಕಾದವರು ಇದೇ ಅಮ್ಮ ಮತ್ತು ನೀವು. ಆ ನಂಬಿಕೆಯನ್ನು ಈಗಲೇ ಖರ್ಚು ಮಾಡಿಬಿಟ್ಟರೆ ಆಗ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಇನ್ನೊಂದು ತೊಂದರೆ ಅಳತೆಯದು. ಅರ್ಧ ಲೋಟ ಕುಡಿದ ದಿನ ಅರ್ಧ ಮಾತ್ರೆ, ಕುಡಿಯದ ದಿನ ಪೂರ್ತಿ ಲಂಘನ. ಡಾಕ್ಟರಿಗೆ ಈ ಕಥೆ ಗೊತ್ತಿರುವುದಿಲ್ಲ. ಮಾತ್ರೆ ನಾಟುತ್ತಿಲ್ಲ ಅಂದುಕೊಂಡು ಜಾಸ್ತಿ ಮಾಡುತ್ತಾರೆ. ಮತ್ತೆ ಕತ್ತು ತಿರುಚಿಕೊಂಡರೆ ತನಗೆ ಏನಾಗುತ್ತಿದೆ ಅಂತ ಹುಡುಗನಿಗೂ ತಿಳಿಯುವುದಿಲ್ಲ. ಯಾರೋ ಏನೋ ಮಾಡಿದ್ದಾರೆ ಅನ್ನುವ ಅವನ ಮಾತಿಗೆ ಅದೂ ಒಂದು ಸಾಕ್ಷಿಯಾಗುತ್ತದೆ.

ಆ ಕತ್ತು ತಿರುಚಿಕೊಂಡದ್ದು ನನಗೆ ಬೇಜಾರು ಮಾಡಿದ ಸಂಗತಿ. ಅದಕ್ಕೂ ಮಾಟಕ್ಕೂ ಸಂಬಂಧವಿಲ್ಲ. ಮೆದುಳಿಗೆ ಏನೋ ಆಗಿಹೋಯಿತು ಅಂತಲೂ ಅಲ್ಲ. ಹ್ಯಾಲೋಪೆರಿಡಾಲ್, ರಿಸ್ಪೆರಿಡೋನ್ ತರಹದ ಮಾತ್ರೆಗಳನ್ನು ಶುರು ಮಾಡಿದ ಮೊದಲ ಕೆಲವು ದಿನಗಳಲ್ಲಿ ಕೆಲವರಿಗೆ ಸ್ನಾಯು ಹೀಗೆ ಸೆಟೆದುಕೊಳ್ಳುತ್ತದೆ. ಹರೆಯದ ಹುಡುಗರಲ್ಲಿ ಇದು ಜಾಸ್ತಿ. ಕೆಲವರಿಗೆ ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ನಿಲ್ಲುತ್ತದೆ, ಕೆಲವರಿಗೆ ನಾಲಿಗೆ ದಪ್ಪವಾದಂತಾಗಿ ಮಾತು ತೊದಲುತ್ತದೆ. ನೋಡಿದವರ ಎದೆ ಒಡೆದುಹೋಗುವ ಹಾಗೆ ಇರುತ್ತದೆ. ಆದರೆ ಯಾವುದೇ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಪ್ರೋಮೆಥಜಿನ್‌ನಂಥ ಒಂದು ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಬಿಡುತ್ತದೆ. ಮತ್ತೆ ಬಾರದಂತೆ ಟ್ರೈಹೆಕ್ಸಿಫೆನಿಡಿಲ್ ಎಂಬ ಸಣ್ಣ ಮಾತ್ರೆ ಕೊಡುತ್ತಾರೆ, ಇಲ್ಲವೇ ಔಷಧವನ್ನೇ ಬದಲಾಯಿಸುತ್ತಾರೆ. ಗಂಟಲು ಬಿಗಿದು ಉಸಿರಿಗೆ ಕಷ್ಟವಾದರೆ ಮಾತ್ರ ಒಂದು ಕ್ಷಣವೂ ಕಾಯಬಾರದು. ಇಷ್ಟನ್ನು ಮೊದಲ ದಿನವೇ ಹೇಳಿ ಕಳಿಸಬೇಕಿತ್ತು. ಎರಡು ನಿಮಿಷದ ಮಾತು. ಹೊರಗೆ 80 ಜನ ಕಾಯುತ್ತಿರುವಾಗ ಆ ಎರಡು ನಿಮಿಷವೇ ನಮ್ಮಂಥವರ ಕೈ ತಪ್ಪುತ್ತದೆ. ಅದರ ಬೆಲೆ ನಿಮ್ಮ ಮನೆಯವರು ತೆರುತ್ತಿದ್ದೀರಿ.

ಹಾಗಾಗಿ ಮಜ್ಜಿಗೆಗೆ ಹಾಕುವುದನ್ನು ನಿಲ್ಲಿಸಿ. ಆದರೆ ನಿಲ್ಲಿಸಿ ಸುಮ್ನೆ ಕೂರಬೇಡಿ. ಅದೇ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ಕತ್ತಿನದ್ದೂ ಮಜ್ಜಿಗೆಯದ್ದೂ ಇದ್ದದ್ದು ಇದ್ದ ಹಾಗೆ ಹೇಳಿ. ಅವರು ಸಿಗದಿದ್ದರೆ 14416ಕ್ಕೆ ಮಾಡಿ. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರೋಗಿಯೇ ಮಾತಾಡಬೇಕೆಂದಿಲ್ಲ, ಅಕ್ಕ ಮಾತಾಡಿದರೂ ಆಯಿತು.

ಬೆರೆಸಿದ್ದನ್ನು ಅವನಿಗೆ ಹೇಳಬೇಕಾ? ಇದರಲ್ಲಿ ನಮ್ಮ ನಮ್ಮಲ್ಲೇ ಬೇರೆ ಬೇರೆ ಅಭಿಪ್ರಾಯವಿದೆ. ನನ್ನ ಮಾತು ಇಷ್ಟು: ಹೆದರಿಕೆ ಏರಿರುವ ಈ ವಾರ ನೀವಾಗಿ ಹೇಳಲು ಹೋಗಬೇಡಿ. ಅವನೇ ನೇರವಾಗಿ ಕೇಳಿದರೆ ಸುಳ್ಳು ಹೇಳಬೇಡಿ. ತುಸು ಸಮಾಧಾನಕ್ಕೆ ಬಂದ ಮೇಲೆ ಡಾಕ್ಟರ ಎದುರಿಗೆ ಅಮ್ಮನೇ ಹೇಳಲಿ.

ಈಗ ನಿಮ್ಮ ಮೊದಲ ಪ್ರಶ್ನೆ. ಹುಚ್ಚು ಅನ್ನುವ ಪದವನ್ನು ನಾನು ಬಳಸುವುದಿಲ್ಲ. ಆ ಪದ ನಮ್ಮ ಬಾಯಲ್ಲಿ ಬೈಗುಳವಾಗಿ ಸವೆದಿದೆ, ಅದರಿಂದ ಏನೂ ತಿಳಿಯುವುದಿಲ್ಲ. ನೀವು ಬರೆದಿರುವುದೆಲ್ಲ ಸೈಕೋಸಿಸ್ ಎಂಬ ಸ್ಥಿತಿಗೆ ಹೊಂದುತ್ತದೆ. ಇಲ್ಲದ್ದು ಕೇಳಿಸುವುದು, ಇಲ್ಲದ್ದನ್ನು ಖಚಿತವಾಗಿ ನಂಬುವುದು, ಯೋಚನೆಯ ದಾರ ತುಂಡಾಗುವುದು, ಇವೆಲ್ಲ ಸೇರಿದರೆ ಸೈಕೋಸಿಸ್. ನಿಮ್ಮ ಕಡೆ ರಾತ್ರಿ ತೋಟ ಕಾಯುವ ನಾಯಿ ಇರುತ್ತದಲ್ಲ. ಒಳ್ಳೆಯ ನಾಯಿ ಕಳ್ಳ ಬಂದರೆ ಬೊಗಳುತ್ತದೆ. ಬೆದರಿದ ನಾಯಿ ತೆಂಗಿನ ಗರಿ ಬಿದ್ದರೂ ಬೊಗಳುತ್ತದೆ. ಯಾವುದು ಮುಖ್ಯ, ಯಾವುದನ್ನು ಗಮನಿಸಬೇಕು ಅಂತ ಮೆದುಳಿಗೆ ಸೂಚನೆ ಕೊಡುವುದರಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಪಾತ್ರ ದೊಡ್ಡದು. ಅದರ ಹದ ತಪ್ಪಿದಾಗ ಎಲ್ಲವೂ ಮುಖ್ಯವಾಗಿ ಕಾಣುತ್ತದೆ. ಪಿಜಿ ಹುಡುಗ ಫೋನ್ ನೋಡಿ ನಕ್ಕರೆ ಅದು ತನ್ನ ಬಗ್ಗೆಯೇ. ಬೈಕೊಂದು ಎರಡು ಸಲ ಹಾರ್ನ್ ಮಾಡಿದರೆ ಅದೂ ತನಗೇ ಕೊಟ್ಟ ಸೂಚನೆ. ಇಷ್ಟೊಂದು ಸೂಚನೆಗಳಿಗೆ ಏನಾದರೂ ಒಂದು ಅರ್ಥ ಇರಲೇಬೇಕಲ್ವಾ? ಬುದ್ಧಿವಂತ ಹುಡುಗ ಕೂತು ಅರ್ಥ ಕಟ್ಟುತ್ತಾನೆ. ನಮ್ಮಜ್ಜಂದಿರ ಕಾಲದಲ್ಲಿ ಆ ಅರ್ಥಕ್ಕೆ ದೆವ್ವ, ಮಾಟ ಸಿಗುತ್ತಿದ್ದವು. ಈಗಿನ ಹುಡುಗರಿಗೆ ವಾಟ್ಸಾಪ್, ಸಿಸಿಟಿವಿ, ಹ್ಯಾಕಿಂಗ್ ಸಿಗುತ್ತವೆ.

ಇದು ಅಪರೂಪದ ಕಾಯಿಲೆ ಏನಲ್ಲ. ಹೆಚ್ಚಾಗಿ ಶುರುವಾಗುವುದು 15ರಿಂದ 30ರೊಳಗೆ. ಮೊದಲ ಗುರುತು ಧ್ವನಿಗಳಲ್ಲ. ನಿದ್ದೆ ಕೆಡುವುದು, ಗೆಳೆಯರಿಂದ ದೂರವಾಗುವುದು, ಸ್ನಾನ ಬಿಡುವುದು, ಚೆನ್ನಾಗಿ ಓದುತ್ತಿದ್ದವನ ಅಂಕ ಇದ್ದಕ್ಕಿದ್ದಂತೆ ಬೀಳುವುದು. ನಿಮ್ಮ ತಮ್ಮ ಫೋನ್ ಕಡಿಮೆ ಮಾಡಿದಾಗಲೇ ಇದು ಶುರುವಾಗಿತ್ತು ಅಂತ ನನಗನ್ನಿಸುತ್ತದೆ. ನಿಮಗೆ ಗೊತ್ತಾಗಲಿಲ್ಲ ಅಂತ ಕೊರಗಬೇಡಿ. ಆ ವಯಸ್ಸಿನ ಹುಡುಗರು ಕಾಯಿಲೆ ಇಲ್ಲದಿದ್ದರೂ ಹಾಗೇ ಇರುತ್ತಾರೆ.

ಯಾರಾದರೂ ಮೊದಲ ಭೇಟಿಯಲ್ಲೇ ಸ್ಕಿಜೋಫ್ರೇನಿಯಾ (ಸೈಕೋಸಿಸ್ ತಿಂಗಳುಗಟ್ಟಲೆ ಉಳಿಯುವ ಕಾಯಿಲೆ) ಎಂದು ಬರೆದುಕೊಟ್ಟರೆ ಆ ಹೆಸರನ್ನು ಎದೆಗೆ ಹಚ್ಚಿಕೊಳ್ಳಬೇಡಿ. ಲಕ್ಷಣಗಳು ಎಷ್ಟು ತಿಂಗಳು ಉಳಿಯುತ್ತವೆ ಎಂದು ನೋಡಿಯೇ ಆ ಹೆಸರು ಇಡಬೇಕು. ಕೆಲವರದ್ದು ಕೆಲವೇ ವಾರಗಳಲ್ಲಿ ಇಳಿದುಹೋಗುತ್ತದೆ. ಕೆಲವರದ್ದು ಬೈಪೋಲಾರ್, ಅಂದರೆ ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಹೊರಳುವ ಕಾಯಿಲೆ ಆಗಿರುತ್ತದೆ, ಕೆಲವರದ್ದು ಮಾದಕ ವಸ್ತುವಿನಿಂದ ಬಂದಿರುತ್ತದೆ. ಥೈರಾಯ್ಡ್, ಬಿ12 ಕೊರತೆ, ಮೂರ್ಛೆರೋಗ, ಸ್ಟೀರಾಯ್ಡ್ ಔಷಧಗಳಿಂದಲೂ ಹೀಗಾಗುವುದುಂಟು. ಅದಕ್ಕೇ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಜ್ವರ, ಫಿಟ್ಸ್, ದಿನ ಯಾವುದು ಊರು ಯಾವುದು ತಿಳಿಯದ ಗಲಿಬಿಲಿ, ಮಾತೇ ನಿಂತುಹೋಗುವುದು, ಇವುಗಳಲ್ಲಿ ಏನಾದರೂ ಕಂಡರೆ ಅದು ಮೆದುಳಿನ ಉರಿಯೂತವೂ ಆಗಿರಬಹುದು. ಆಗ ಮನೋವೈದ್ಯರ ಅಪಾಯಿಂಟ್‌ಮೆಂಟ್ ಕಾಯದೆ ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಬೇಕು.

ನೀವು ಕೇಳದ ಒಂದು ವಿಷಯವಿದೆ. ದಿನಗಳ ಲೆಕ್ಕ. ಲಕ್ಷಣ ಶುರುವಾದ ದಿನದಿಂದ ಸರಿಯಾದ ಚಿಕಿತ್ಸೆ ಶುರುವಾಗುವ ದಿನದವರೆಗೆ ಎಷ್ಟು ಕಾಲ ಹೋಯಿತು ಅನ್ನುವುದರ ಮೇಲೆ ಮುಂದಿನದ್ದು ಬಹಳಷ್ಟು ನಿಂತಿದೆ. ಈ ಕಾಲ ಉದ್ದವಾದಷ್ಟೂ ಚೇತರಿಕೆ ನಿಧಾನ. ಕಾಯಿಲೆಗೆ ಯಾವ ವಂಶವಾಹಿ ಕಾರಣ ಎಂಬುದು ನಮ್ಮ ಕೈಲಿಲ್ಲ. ಈ ದಿನಗಳು ಮಾತ್ರ ಇವೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಮನೋವೈದ್ಯ ಪ್ಯಾಟ್ರಿಕ್ ಮೆಕ್‌ಗೋರಿ ಮತ್ತು ಅವರ ಜೊತೆಗಾರರು 1992ರಲ್ಲಿ ಹರೆಯದವರಿಗೆಂದೇ ಬೇರೆ ಸೇವೆ ತೆರೆದದ್ದು ಇದೇ ಕಾರಣಕ್ಕೆ. ಹಳೆಯ ರೋಗಿಗಳ ಸಾಲಿನಲ್ಲಿ 18ರ ಹುಡುಗನನ್ನು ಕೂರಿಸಿದರೆ ಅವನು ಮತ್ತೆ ಬರುವುದಿಲ್ಲ. ಹಾಗಾಗಿ ಕಡಿಮೆ ಡೋಸು, ಮನೆಯವರ ಜೊತೆ ಮಾತು, ಓದಿಗೆ ಮರಳಲು ಸಹಾಯ, ಎಲ್ಲವೂ ಒಂದೇ ಕಡೆ. ಇಂಗ್ಲೆಂಡಿನಲ್ಲಿ 2016ರಿಂದ ಹೊಸದಾಗಿ ಬಂದವರಿಗೆ 14 ದಿನದೊಳಗೆ ಚಿಕಿತ್ಸೆ ಶುರುವಾಗಬೇಕೆಂಬ ಗುರಿ ಇದೆ. ನಮ್ಮಲ್ಲಿ ಅಂಥ ಗಡಿಯಾರ ಇಲ್ಲ. ಆ ಗಡಿಯಾರ ನೀವೇ ಆಗಬೇಕು.

ಹಾಗಂತ ತಡವಾದರೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು ವರ್ಷಗಳಿಂದ ಹಳ್ಳಿ ಹಳ್ಳಿಯಲ್ಲಿ ಇಂಥವರನ್ನು ಹುಡುಕಿ, ಅಲ್ಲೇ ಚಿಕಿತ್ಸೆ ಕೊಡಿಸಿ, ಬಿಡದೆ ಹಿಂಬಾಲಿಸಿದ್ದಾರೆ. ವರ್ಷಗಟ್ಟಲೆ ಒಂದು ಮಾತ್ರೆಯನ್ನೂ ಕಾಣದೆ ಮನೆಯ ಮೂಲೆಯಲ್ಲಿದ್ದವರು ಕೂಡ ಔಷಧ ಶುರುವಾದ ಮೇಲೆ ಎದ್ದು ಕೆಲಸಕ್ಕೆ ಹೋದದ್ದಿದೆ. ನಿಮ್ಮದು ನಾಲ್ಕೈದು ತಿಂಗಳು. ಇನ್ನೂ ಬೇಗವೇ.

ಕರೆದೊಯ್ಯುವುದು ಹೇಗೆ ಅನ್ನುವುದೇ ಕಷ್ಟ. ಅವನಿಗೆ ಕಾಯಿಲೆ ಇದೆ ಅಂತ ಅವನಿಗೆ ಅನ್ನಿಸುತ್ತಿಲ್ಲ, ಅದೂ ಕಾಯಿಲೆಯ ಒಂದು ಭಾಗ. ನಿಮ್ಮ ಮನೆಯಲ್ಲಿ ಈಗ ದಿನಾ ನಡೆಯುತ್ತಿರುವ ಜಗಳ ನನಗೆ ಇಲ್ಲಿಂದಲೇ ಕೇಳಿಸುತ್ತದೆ. ಯಾವ ಗ್ರೂಪೂ ಇಲ್ಲ ಕಣೋ ಅಂತ ನೀವು. ಇದೆ ಅಂತ ಅವನು. ಈ ಜಗಳ ಬಿಡಿ. ವಾದದಿಂದ ಭ್ರಮೆ ಹೋದ ಒಬ್ಬರನ್ನೂ ನಾನು ನೋಡಿಲ್ಲ. ಹೌದೌದು, ಅವರೇ ಮಾಡ್ತಿದಾರೆ ಅಂತ ತಲೆ ಆಡಿಸುವುದೂ ಬೇಡ. ನಡುವೆ ಒಂದು ದಾರಿ ಇದೆ. ಅವನ ಮಾತಿಗಲ್ಲ, ಅವನ ಹೆದರಿಕೆಗೆ ಉತ್ತರ ಕೊಡಿ. 'ನಂಗೆ ಕೇಳಿಸ್ತಿಲ್ಲ ಕಣೋ. ಆದ್ರೆ ನಿಂಗೆ ಕೇಳಿಸ್ತಿದೆ ಅಂತ ಗೊತ್ತು. ರಾತ್ರಿಯೆಲ್ಲಾ ಎದ್ದಿರ್ತೀಯ, ಎಷ್ಟು ಸುಸ್ತಾಗಿರ್ಬೇಕು ನಿಂಗೆ.' ಇಷ್ಟೇ. ಇದರಲ್ಲಿ ಒಂದೂ ಸುಳ್ಳಿಲ್ಲ.

ನಿದ್ದೆಯನ್ನೇ ಹಿಡಿದುಕೊಳ್ಳಿ. 'ನಿಂಗೆ ಮಾನಸಿಕ ಕಾಯಿಲೆ, ನಡಿ' ಅಂದರೆ ಬರುವುದಿಲ್ಲ. 'ನಿದ್ದೆ ಇಲ್ದೆ ಒದ್ದಾಡ್ತಿದೀಯ, ಅದಕ್ಕೊಂದು ದಾರಿ ಕೇಳ್ಕೊಂಡು ಬರೋಣ' ಅಂದರೆ ಅನೇಕರು ಬರುತ್ತಾರೆ. ಯಾಕೆಂದರೆ ಅವರೂ ನಿಜವಾಗಿ ಸುಸ್ತಾಗಿರುತ್ತಾರೆ. ಕತ್ತಿನ ವಿಷಯವನ್ನೂ ನೀವೇ ಎತ್ತಿ: 'ಆ ಮಾತ್ರೆ ನಿಂಗೆ ಆಗ್ಲಿಲ್ಲ, ತಪ್ಪು ನಿಂದಲ್ಲ, ಬೇರೆ ಕೇಳೋಣ.' ಮನೆಯಲ್ಲಿ ಯಾರ ಮಾತನ್ನು ಅವನು ತೆಗೆದುಹಾಕುವುದಿಲ್ಲವೋ ಅವರು ಮಾತಾಡಲಿ. ಸೋದರಮಾವನೋ, ಹಳೆಯ ಮೇಷ್ಟ್ರೋ, ನೀವೋ. ಒಬ್ಬರೇ ಮಾತಾಡಿ. ಐದು ಜನ ಸುತ್ತ ಕೂತು ಹೇಳಿದರೆ ಅವನ ಪಾಲಿಗೆ ಅದೂ ಒಂದು ಸಂಚೇ.

ಎಲ್ಲಿಗೆ ಅಂದರೆ, ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಮೊದಲೇ ಕೇಳಿಕೊಳ್ಳಿ, ಹುಡುಗನನ್ನು ಕಷ್ಟಪಟ್ಟು ಹೊರಡಿಸಿ ಅಲ್ಲಿ ಬೀಗ ನೋಡುವ ಹಾಗಾಗಬಾರದು. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕೆಂದು ಹಲವರು ತಿಂಗಳುಗಟ್ಟಲೆ ಕಾಯುತ್ತಾರೆ. ಕಾಯಬೇಡಿ. ಹತ್ತಿರದಲ್ಲಿ ಶುರು ಮಾಡಿ, ಬೇಕಾದರೆ ಅವರೇ ಕಳಿಸುತ್ತಾರೆ. ಆಸ್ಪತ್ರೆ ಹತ್ತಿರ ಇದ್ದರೆ ಹತ್ತನೇ ತಿಂಗಳಲ್ಲೂ ಹೋಗುತ್ತೀರಿ. ಬೆಳಗಿನ ಜಾವ ರೈಲು ಹಿಡಿದು ಹೋಗಬೇಕೆಂದರೆ ಮೂರನೇ ತಿಂಗಳಿಗೇ ನಿಂತುಹೋಗುತ್ತದೆ.

ಎಷ್ಟು ಹೇಳಿದರೂ ಬರದಿದ್ದರೆ? ಕಟ್ಟಿ ಹಾಕುವುದು, ಹೊಡೆಯುವುದು ಖಂಡಿತ ಬೇಡ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಆಶ್ರಮಕ್ಕೆ ಬೆಂಕಿ ಬಿದ್ದಾಗ ಸರಪಳಿ ಹಾಕಿಸಿಕೊಂಡಿದ್ದವರು ಓಡಲಾಗದೆ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಯಾವ ರೂಪದ ಸರಪಳಿಗೂ ಅವಕಾಶ ಇಲ್ಲ. ಅದೇ ಕಾಯ್ದೆಯಲ್ಲಿ ಇನ್ನೊಂದು ದಾರಿ ಇದೆ. ತನಗೋ ಬೇರೆಯವರಿಗೋ ಅಪಾಯ ತಂದುಕೊಳ್ಳುವಂತಿದ್ದರೆ, ಅಥವಾ ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿಗೆ ಬಂದಿದ್ದರೆ, ಅವನ ಪರವಾಗಿ ಮನೆಯವರು ಅರ್ಜಿ ಕೊಡಬಹುದು. ಇಬ್ಬರು ತಜ್ಞರು ಬೇರೆ ಬೇರೆಯಾಗಿ ನೋಡಿ ಒಪ್ಪಿದರೆ 30 ದಿನದವರೆಗೆ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಚಿಕಿತ್ಸೆ ಕೊಡುತ್ತಾರೆ. ಇದು ಕೊನೆಯ ದಾರಿ. ಆದರೆ ಇದೆ ಅಂತ ಗೊತ್ತಿರಲಿ.

ಒಂದು ಪ್ರಶ್ನೆಯನ್ನು ನೀವು ಅವನಿಗೆ ಕೇಳಲೇಬೇಕು. 'ಆ ದನಿಗಳು ಏನಾದ್ರೂ ಮಾಡ್ಕೋ ಅಂತ ಹೇಳ್ತಾವಾ? ಸಾಯ್ಬೇಕು ಅನ್ನಿಸುತ್ತಾ?' ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಅನ್ನುವುದು ಸುಳ್ಳು. ಕೇಳಿಸಿಕೊಂಡವರು ಎಷ್ಟೋ ಸಲ ಹಗುರಾಗುತ್ತಾರೆ. ಈ ಕಾಯಿಲೆಯ ಮೊದಲ ವರ್ಷಗಳಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚು, ಕೆಲವೊಮ್ಮೆ ಚೇತರಿಸಿಕೊಳ್ಳುತ್ತಾ ತನಗೇನಾಯಿತು ಅಂತ ಅರ್ಥವಾಗುವ ಹೊತ್ತಿನಲ್ಲೇ. ಹೌದು ಅಂದರೆ ಅವನನ್ನು ಒಬ್ಬನೇ ಬಿಡಬೇಡಿ, ಅವತ್ತೇ ಆಸ್ಪತ್ರೆ. ಇಲ್ಲ ಅಂದರೂ ಕೊಟ್ಟಿಗೆಯಲ್ಲಿರುವ ಕೀಟನಾಶಕದ ಡಬ್ಬಿ, ಕಳೆನಾಶಕ ಎಲ್ಲ ಇವತ್ತೇ ಬೇರೆ ಮನೆಗೆ ಹೋಗಲಿ. ಮಿಕ್ಕ ಮಾತ್ರೆಗಳಿಗೂ ಬೀಗ ಹಾಕಿ. ಸಿಮ್ ಎಸೆದ ಆ ಬಾವಿಗೆ ಮುಚ್ಚಳವೋ ಜಾಲರಿಯೋ ಹಾಕಿಸಿ.

ಇನ್ನು ಮಾತ್ರೆ. ಮಾತ್ರೆ ಅಂದರೆ ಬರೀ ನಿದ್ದೆಗೆ ಅಂತ ಊರಲ್ಲಿ ಹೇಳುತ್ತಾರೆ, ಹಾಗಲ್ಲ. ಮೊದಲ ವಾರಗಳಲ್ಲಿ ನಿದ್ದೆ, ಗಾಬರಿ ಸುಧಾರಿಸುತ್ತದೆ. ಭ್ರಮೆ ಇಳಿಯಲು ಕೆಲವು ವಾರ ಬೇಕು. ದನಿಗಳು ಒಂದೇ ದಿನ ನಿಲ್ಲುವುದಿಲ್ಲ, ದೂರ ಹೋಗುತ್ತವೆ, ಗೊಣಗಾಟವಾಗುತ್ತವೆ, ಆಮೇಲೆ ಮರೆತುಹೋಗುತ್ತವೆ. ಮೊದಲ ಸಲ ಕಾಯಿಲೆಯಾದವರಿಗೆ ಸಣ್ಣ ಡೋಸೇ ಸಾಕಾಗುವುದು ಹೆಚ್ಚು. ಓಲಾಂಜಪೈನ್ ಕೊಟ್ಟರೆ ಕತ್ತು ಹಿಡಿಯುವುದು ಕಡಿಮೆ, ಆದರೆ ಹಸಿವು ವಿಪರೀತ, ತೂಕ ಏರುತ್ತದೆ. ಶುರುವಿನಲ್ಲೇ ತೂಕ, ಸೊಂಟದ ಅಳತೆ, ಸಕ್ಕರೆ ಬರೆದಿಟ್ಟುಕೊಳ್ಳಿ. ಅರಿಪಿಪ್ರಜೋಲ್‌ನಲ್ಲಿ ತೂಕದ ಕಾಟ ಕಡಿಮೆ, ಕೆಲವರಿಗೆ ಕೂರಲಾಗದಂಥ ಚಡಪಡಿಕೆ ಬರುತ್ತದೆ. ಆ ಚಡಪಡಿಕೆಯನ್ನು ಮನೆಯವರು ಕಾಯಿಲೆ ಜಾಸ್ತಿಯಾಯಿತು ಅಂದುಕೊಳ್ಳುತ್ತಾರೆ. ಅಲ್ಲ, ಅದು ಮಾತ್ರೆಯದು, ಅದಕ್ಕೆ ಉಪಾಯವಿದೆ. ದಿನಾ ನುಂಗುವುದು ಬೇಡ ಅನ್ನುವವರಿಗೆ ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಕೂಡ ಇದೆ. ಮಜ್ಜಿಗೆಯ ಕಳ್ಳಾಟಕ್ಕಿಂತ ಅದು ಸಾವಿರ ಪಾಲು ವಾಸಿ, ಅವನು ಒಪ್ಪಿದರೆ. ಎರಡು ಬೇರೆ ಬೇರೆ ಔಷಧಗಳನ್ನು ಸರಿಯಾದ ಡೋಸಿನಲ್ಲಿ, ಸಾಕಷ್ಟು ವಾರ ಕೊಟ್ಟರೂ ಇಳಿಯದಿದ್ದರೆ ಕ್ಲೋಜಪಿನ್ ಎಂಬ ಔಷಧದ ಬಗ್ಗೆ ಕೇಳಿ. ರಕ್ತ ಪರೀಕ್ಷೆ ಮಾಡಿಸುತ್ತಿರಬೇಕೆಂದು ಅದನ್ನು ತೀರಾ ತಡವಾಗಿ ಶುರು ಮಾಡುತ್ತೇವೆ, ಅದು ನಮ್ಮ ತಪ್ಪು.

ಎಷ್ಟು ದಿನ? ಪೂರ್ತಿ ಚೇತರಿಸಿಕೊಂಡ ಮೇಲೂ ಒಂದೆರಡು ವರ್ಷ ಅಂತ ಲೆಕ್ಕ ಇಟ್ಟುಕೊಳ್ಳಿ. ಮೂರು ತಿಂಗಳಿಗೆ ಹುಡುಗ ನಗುತ್ತಾ ಓಡಾಡುತ್ತಾನೆ, ಇನ್ಯಾಕೆ ಮಾತ್ರೆ ಅಂತ ಎಲ್ಲರಿಗೂ ಅನ್ನಿಸುತ್ತದೆ. ಮರುಕಳಿಸುವುದು ಹೆಚ್ಚಾಗಿ ಹೀಗೆ ಥಟ್ಟನೆ ನಿಲ್ಲಿಸಿದವರಿಗೇ. ಬಿಡುವುದಾದರೆ ಡಾಕ್ಟರ ಜೊತೆ ಕೂತು ತಿಂಗಳುಗಟ್ಟಲೆ ನಿಧಾನಕ್ಕೆ ಇಳಿಸಬೇಕು, ಪರೀಕ್ಷೆ ಇರುವ ತಿಂಗಳಲ್ಲಂತೂ ಬೇಡ.

ನಿಮ್ಮ ತಂದೆಯ ಗಾಂಜಾ ಅನುಮಾನವನ್ನು ತಳ್ಳಿಹಾಕಬೇಡಿ. ಗಾಂಜಾ ಈ ಕಾಯಿಲೆಯ ಅಪಾಯ ಹೆಚ್ಚಿಸುತ್ತದೆ, ಬೇಗ ಬರುವಂತೆ ಮಾಡುತ್ತದೆ, ಒಮ್ಮೆ ಬಂದವರಿಗೆ ಮತ್ತೆ ಬರಿಸುತ್ತದೆ. ಆದರೆ ಅದನ್ನು ಕೇಳುವ ರೀತಿ ಬೇರೆ. 'ಸೇದಿದ್ದೀಯಾ ಹೇಳು' ಅಂತ ಗದರಿಸಿದರೆ ಇಲ್ಲ ಅಂತಲೇ ಉತ್ತರ. ಡಾಕ್ಟರ ಹತ್ತಿರ ಒಬ್ಬನನ್ನೇ ಬಿಟ್ಟರೆ ಹೇಳುತ್ತಾನೆ. ಸೇದಿದ್ದರೂ ಸೈಕೋಸಿಸ್‌ನ ಚಿಕಿತ್ಸೆ ಬೇಕೇ ಬೇಕು. ಗಾಂಜಾ ಅಂತ ಗೊತ್ತಾದ ಮಾತ್ರಕ್ಕೆ ಇದು ಕಾಯಿಲೆಯಲ್ಲ ಅಂತ ಆಗುವುದಿಲ್ಲ.

ಸೋಮಾರಿತನ ಅನ್ನುವ ಮಾತು ಮಾತ್ರ ನಿಲ್ಲಬೇಕು. ಲಂಡನ್ನಿನಲ್ಲಿ 1970ರ ದಶಕದಲ್ಲಿ ಮಾಡಿದ ಅಧ್ಯಯನಗಳಲ್ಲಿ ಒಂದು ವಿಷಯ ಗಟ್ಟಿಯಾಗಿ ಕಂಡಿತು. ಮನೆಯಲ್ಲಿ ಚುಚ್ಚುಮಾತು, ಹಗೆ, ಉಸಿರುಗಟ್ಟಿಸುವಂಥ ಅತಿ ಕಾಳಜಿ ಇದ್ದವರಿಗೆ ಕಾಯಿಲೆ ಬೇಗ ಮರುಕಳಿಸುತ್ತಿತ್ತು. ಅದೇ ಅಧ್ಯಯನವನ್ನು ಚಂಡೀಗಢದಲ್ಲಿ ಮಾಡಿದಾಗ ಅಂಥ ಮನೆಗಳು ಲಂಡನ್ನಿಗಿಂತ ಕಡಿಮೆ ಇದ್ದವು. ನಮ್ಮ ಮನೆಗಳ ಶಕ್ತಿ ಅದು. 1950ರ ದಶಕದಲ್ಲಿ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಅವರು ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಂಡರು. ಇವತ್ತಿಗೂ ನಮ್ಮ ವಾರ್ಡುಗಳಲ್ಲಿ ಮಂಚದ ಪಕ್ಕ ಚಾಪೆ ಹಾಸಿ ಒಬ್ಬ ಅಮ್ಮನೋ ಅಣ್ಣನೋ ಮಲಗಿರುತ್ತಾರೆ. ಬೇರೆ ದೇಶದ ಡಾಕ್ಟರು ನೋಡಿ ಹೊಟ್ಟೆಕಿಚ್ಚು ಪಡುತ್ತಾರೆ. ನಿಮ್ಮ ತಂದೆಯದು ಹಗೆಯಲ್ಲ, ಹೆದರಿಕೆ. ಮಗನ ಓದಿಗೆ ಹಾಕಿದ ಕೊಬ್ಬರಿ ದುಡ್ಡಿನ ಲೆಕ್ಕ ಅವರ ತಲೆಯಲ್ಲಿ ಓಡುತ್ತಿರುತ್ತದೆ. ಅವರನ್ನೂ ಡಾಕ್ಟರ ಹತ್ತಿರ ಕರೆದೊಯ್ಯಿರಿ, ನಿಮ್ಮ ಬಾಯಿಂದ ಕೇಳದ್ದನ್ನು ಅವರ ಬಾಯಿಂದ ಕೇಳುತ್ತಾರೆ.

ದೇವಸ್ಥಾನ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ನಿಮ್ಹಾನ್ಸ್‌ನ ವೈದ್ಯರೇ ತಮಿಳುನಾಡಿನ ಒಂದು ಗುಡಿಯಲ್ಲಿ ತಂಗಿದ್ದವರನ್ನು ಗಮನಿಸಿ 2002ರಲ್ಲಿ ವರದಿ ಮಾಡಿದರು. ಅಲ್ಲಿ ಔಷಧ ಇರಲಿಲ್ಲ, ಹೊಡೆತ ಬಡಿತವೂ ಇರಲಿಲ್ಲ. ಮನೆಯವರು ಜೊತೆಗಿದ್ದರು, ನೀರು ಹಾಕುವುದು, ಗುಡಿಸುವುದು ಇಂಥ ಕೆಲಸ ಕೊಡುತ್ತಿದ್ದರು. ವಾರಗಳು ಕಳೆದಂತೆ ಲಕ್ಷಣಗಳು ಸ್ವಲ್ಪ ಇಳಿದಿದ್ದವು. ಅಲ್ಲಿ ಕೆಲಸ ಮಾಡಿದ್ದು ಆ ಸಮಾಧಾನ ಅಂತ ನನ್ನ ಊಹೆ. ಹಾಗಾಗಿ ಹರಕೆ ಇರಲಿ, ತಾಯತ ಇರಲಿ, ಜೊತೆಗೆ ಮಾತ್ರೆ ಇರಲಿ. ಹೊಗೆ ಹಾಕುವುದು, ಬೆತ್ತ, ಉಪವಾಸ, 'ಮಾತ್ರೆ ಬಿಟ್ಟರೆ ಮಾತ್ರ ದೇವರು ಒಲಿಯುತ್ತೆ' ಅನ್ನುವುದು, ಇಷ್ಟು ಬಂದರೆ ಎದ್ದು ಬನ್ನಿ. ದೆವ್ವ ಬಿಡಿಸುವ ನೆಪದಲ್ಲಿ ಹಿಂಸೆ ಕೊಡುವುದು ನಮ್ಮ ರಾಜ್ಯದ ಕಾಯ್ದೆಯಲ್ಲೇ ಅಪರಾಧ, 2020ರಿಂದ ಅದು ಜಾರಿಯಲ್ಲಿದೆ. ಅಜ್ಜಿಯ ಮದುವೆ ಔಷಧಕ್ಕೆ ಹೆಚ್ಚು ಹೇಳುವುದಿಲ್ಲ. ಮದುವೆಯಿಂದ ಇಳಿಯುವ ಕಾಯಿಲೆ ಇದಲ್ಲ, ಯಾವುದೋ ಹೆಣ್ಣುಮಗುವಿನ ಬಾಳನ್ನು ಕಷಾಯ ಮಾಡಿ ಕುಡಿಸುವ ಹಕ್ಕು ನಮಗಿಲ್ಲ.

ಕಾಲೇಜು: ಹೋಗಬಲ್ಲ. ಇಂಥ ಕಾಯಿಲೆಯಿಂದ ಎದ್ದು ಡಿಗ್ರಿ ಮುಗಿಸಿದವರನ್ನು, ಕೆಲಸದಲ್ಲಿರುವವರನ್ನು ನಾನು ನೋಡಿದ್ದೇನೆ. ಮತ್ತೆ ಮತ್ತೆ ಬಂದು ಕಷ್ಟಪಟ್ಟವರನ್ನೂ ನೋಡಿದ್ದೇನೆ. ನಿಮ್ಮ ತಮ್ಮ ಯಾವ ಗುಂಪಿಗೆ ಅಂತ ಈ ಕಾಗದ ಓದಿ ಹೇಳಿದರೆ ಅದು ಶಾಸ್ತ್ರ ಹೇಳಿದಂತೆ ಆಗುತ್ತದೆ. ಈ ಸೆಮಿಸ್ಟರ್ ಬಿಡಿ. ವೈದ್ಯಕೀಯ ಪತ್ರ ಕೊಟ್ಟು ರಜೆ ಹಾಕಿಸಿ, ಸೀಟು ಮಾತ್ರ ರದ್ದು ಮಾಡಿಸಬೇಡಿ. ಭ್ರಮೆ ಇಳಿದ ಮೇಲೆ ಒಂದು ಮಂಕು ಕಾಲ ಬರುತ್ತದೆ. ದಿನವಿಡೀ ಮಲಗಿರುತ್ತಾನೆ, ಎರಡು ಪುಟ ಓದಿದರೆ ತಲೆಗೆ ಹತ್ತುವುದಿಲ್ಲ. ಅಪ್ಪ ಮತ್ತೆ ಸೋಮಾರಿ ಅನ್ನುವುದು ಆಗಲೇ. ಕಾಲು ಮುರಿದವನು ಪಟ್ಟಿ ಬಿಚ್ಚಿದ ದಿನವೇ ತೆಂಗಿನಮರ ಹತ್ತುತ್ತಾನಾ? ಮೊದಲು ಬೆಳಿಗ್ಗೆ ಒಂದೇ ಹೊತ್ತಿಗೆ ಏಳುವುದು, ತೋಟಕ್ಕೆ ನೀರು ಬಿಡುವುದು, ದಿನಕ್ಕೆ ಅರ್ಧ ಗಂಟೆ ಓದು. ಆಮೇಲೆ ಉಳಿದ ಎರಡು ಸಬ್ಜೆಕ್ಟಿನಲ್ಲಿ ಒಂದು. ವಾಪಸ್ ಹೋದಾಗ ಅದೇ ಪಿಜಿ ಬೇಡ. ನೆಂಟರ ಮನೆಯೋ, ನಂಬಿಕೆಯ ಗೆಳೆಯನ ರೂಮೋ ಆಗಲಿ. ರಾತ್ರಿಯೆಲ್ಲ ಎದ್ದು ಓದುವ ಅಭ್ಯಾಸವೂ ಬೇಡ, ನಿದ್ದೆ ಕೆಟ್ಟರೆ ಇದಕ್ಕೆ ಬಾಗಿಲು ತೆರೆದಂತೆ. ಅಂಗವಿಕಲತ್ವದ ಪ್ರಮಾಣಪತ್ರದ ಬಗ್ಗೆ ಯಾರಾದರೂ ಹೇಳಬಹುದು. 2016ರ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಗೂ ಅದು ಸಿಗುತ್ತದೆ ನಿಜ. ಈಗಲೇ ಅದರ ಯೋಚನೆ ಬೇಡ.

ನಿಮ್ಮ ಮದುವೆಯ ವಿಷಯವನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಆ ಸಾಲಿನಲ್ಲಿ ಎಷ್ಟು ಭಾರವಿದೆ ಅಂತ ನನಗೆ ಗೊತ್ತು. ಸ್ಕಿಜೋಫ್ರೇನಿಯಾ ಇದ್ದವರ ಒಡಹುಟ್ಟಿದವರಿಗೆ ಅದು ಬರುವ ಸಾಧ್ಯತೆ ನೂರಕ್ಕೆ ಸುಮಾರು 9, ಬೇರೆಯವರಿಗೆ ಸುಮಾರು 1. ಅಂದರೆ ನೂರರಲ್ಲಿ 90ಕ್ಕೂ ಹೆಚ್ಚು ಒಡಹುಟ್ಟಿದವರಿಗೆ ಬರುವುದಿಲ್ಲ. ನಿಮ್ಮ ತಮ್ಮನದು ಆ ಕಾಯಿಲೆಯೇ ಅಂತಲೂ ಇನ್ನೂ ತೀರ್ಮಾನವಾಗಿಲ್ಲ. ಊರಿಗೆಲ್ಲ ಸಾರಬೇಕಿಲ್ಲ. ಅಡ್ಡಬಾಯಿಯ ನೆಂಟರಿಗೆ 'ನಿದ್ದೆ ಇಲ್ದೆ ಹುಷಾರಿಲ್ಲ, ಡಾಕ್ಟರ್ ನೋಡ್ತಿದಾರೆ' ಅಂದರೆ ಸಾಕು, ಅದು ಸುಳ್ಳೂ ಅಲ್ಲ. ಆದರೆ ಮಾತುಕತೆ ಗಟ್ಟಿಯಾಗುವ ಹೊತ್ತಿಗೆ ಹುಡುಗನಿಗೆ ನೀವೇ ಹೇಳಿಬಿಡುವುದು ಒಳ್ಳೆಯದು ಅಂತ ನನ್ನ ಅನಿಸಿಕೆ. ಮದುವೆಯಾದ ಮೇಲೆ ತಮ್ಮನನ್ನು ನೋಡಲು ಕದ್ದು ಬರುವ ಸ್ಥಿತಿ ನಿಮಗೆ ಬೇಡ. ಮತ್ತೆ, ರಾತ್ರಿ ಅವನನ್ನು ಕಾಯಲು ಪಾಳಿ ಹಾಕಿಕೊಳ್ಳಿ. ನೀವೊಬ್ಬರೇ ಎದ್ದಿರುತ್ತೀರಿ ಅಂತ ನನ್ನ ಗುಮಾನಿ.

ಆಸ್ಪತ್ರೆಗೆ ಹೊರಡುವಾಗ ಒಂದು ಹಾಳೆಯಲ್ಲಿ ದಿನಾಂಕಗಳನ್ನು ಬರೆದುಕೊಳ್ಳಿ: ಫೋನ್ ಕಡಿಮೆಯಾದದ್ದು ಯಾವಾಗ, ನಿದ್ದೆ ಕೆಟ್ಟದ್ದು ಯಾವಾಗ, ಸಿಮ್ ಎಸೆದದ್ದು ಯಾವಾಗ. ಹಳೆಯ ಚೀಟಿ, ಮಾತ್ರೆಯ ಖಾಲಿ ಶೀಟು ಕೂಡ ಇರಲಿ. ಕತ್ತು ಹಿಡಿದದ್ದು ಯಾವ ಮಾತ್ರೆಗೆ ಅಂತ ಅದರಿಂದಲೇ ತಿಳಿಯಬೇಕು.

ಅಲ್ಲಿಯವರೆಗೆ ಅವನ ಹೊಟ್ಟೆಗೆ ಏನಾದರೂ ಹೋಗಬೇಕಲ್ವಾ. ಬೆರೆಸಲು ಆಗದ್ದನ್ನು ಕೊಡಿ. ಅವನೇ ಸಿಪ್ಪೆ ಸುಲಿಯುವ ಬಾಳೆಹಣ್ಣು, ತಿನ್ನುವವರಾದರೆ ಬೇಯಿಸಿದ ಮೊಟ್ಟೆ, ಅವನೇ ಒಡೆಯುವ ಬಿಸ್ಕೆಟ್ ಪೊಟ್ಟಣ. ಅನ್ನ ಸಾರಾದರೆ ಒಂದೇ ಪಾತ್ರೆಯಿಂದ ಅವನೇ ಬಡಿಸಿಕೊಳ್ಳಲಿ, ನೀವೂ ಅದನ್ನೇ ಬಡಿಸಿಕೊಂಡು ಪಕ್ಕದಲ್ಲಿ ಕೂತು ಉಣ್ಣಿ. ಎಳನೀರಿಗಂತೂ ನಿಮ್ಮ ಕಡೆ ಬರವಿಲ್ಲ. ಅವನ ಕಣ್ಣೆದುರಿಗೇ ಕೆತ್ತಿ ಕೊಡಿ.